ಬಡ್ಡಿಯಿಲ್ಲದ ಹಣದಲ್ಲಿ ಕೊರೆಸಿದ ಕೊಳವೆಬಾವಿ ಬತ್ತುವುದಿಲ್ಲವೇ?

ಪ್ರಶ್ನೆ: ಮಾನ್ಯರೇ, ನಾನು ಆಳಂದ ತಾಲ್ಲೂಕಿನ ರೈತ, ವಯಸ್ಸು 44. ಒಂಬತ್ತು ಎಕರೆ ಎರೆ ಹೊಲವಿದೆ. ಎಲ್ಲವೂ ಮಳೆಯನ್ನೇ ನಂಬಿದ್ದು. ಮುಖ್ಯ ಬೆಳೆ ತೊಗರಿ, ಹಿಂಗಾರಿಗೆ ಒಂದಿಷ್ಟು ಜೋಳ ಮತ್ತು ಕಡಲೆ. 2022ರಲ್ಲಿ ನೆಟೆ ರೋಗ ಬಂದು ಅರ್ಧಕ್ಕಿಂತ ಹೆಚ್ಚು ತೊಗರಿ ನಿಂತಲ್ಲೇ ಒಣಗಿತು. ಅಂದಿನಿಂದ ಕೊಳವೆಬಾವಿ ಕೊರೆಸಿ ಹನಿ ನೀರಾವರಿ ಮಾಡಿಕೊಳ್ಳಬೇಕೆಂದಿದ್ದೇನೆ. ಅದಕ್ಕೆ ನಾಲ್ಕು ಲಕ್ಷ ರೂಪಾಯಿ ಬೇಕು. ಬಡ್ಡಿಯ ದುಡ್ಡು ಮನೆಯ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಅಬ್ಬಾ ಅವರ ಹಟ. ಪಟ್ಟಣದ ಒಂದು ಸೊಸೈಟಿಯವರು, ಎರಡು ಲಕ್ಷ ಠೇವಣಿ ಇಟ್ಟರೆ ಲಕ್ಷಕ್ಕೆ ತಿಂಗಳಿಗೆ ಎರಡೂವರೆ ಸಾವಿರ ‘ಹಲಾಲ್ ಲಾಭ’ ಕೊಡುತ್ತೇವೆ, ವರ್ಷವಾದ ಮೇಲೆ ಬಡ್ಡಿಯಿಲ್ಲದೆ ನಾಲ್ಕು ಲಕ್ಷ ಸಾಲವನ್ನೂ ಕೊಡುತ್ತೇವೆ ಎನ್ನುತ್ತಿದ್ದಾರೆ. ಗಂಜಿನ ಅಡತಿ ಅಂಗಡಿಯವರು ಬರುವ ತೊಗರಿಯ ಮೇಲೆ ಮುಂಗಡ ಕೊಡಲು ಸಿದ್ಧರಿದ್ದಾರೆ. ನಮ್ಮೂರ ಮಸೀದಿಯ ನಾಲ್ಕು ಎಕರೆ ವಕ್ಫ್ ಜಮೀನು ಬೀಳು ಬಿದ್ದಿದೆ, ನೀವೇ ಮಾಡಿರಿ ಎಂದು ಕಮಿಟಿಯವರು ಹೇಳುತ್ತಿದ್ದಾರೆ. ಕೃಷಿ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗ, ಇಸ್ಲಾಮೀ ಅರ್ಥಶಾಸ್ತ್ರವೆಂದರೆ ಸುಸ್ಥಿರ ಅಭಿವೃದ್ಧಿಯೇ, ಬಡ್ಡಿಯನ್ನು ಬಿಟ್ಟರೆ ಭೂಮಿಯೂ ಉಳಿಯುತ್ತದೆ ಎಂದು ವಾದಿಸುತ್ತಾನೆ. ಅವನ ಮಾತು ನಿಜವೇ? ನಾನು ಯಾವ ದಾರಿ ಹಿಡಿಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಡ್ಡಿಯ ಪಾಪ ತಟ್ಟೀತೆಂಬುದು ಒಂದು, ಮತ್ತೆ ಬೆಳೆ ಹೋದರೆ ಗತಿಯೇನೆಂಬುದು ಇನ್ನೊಂದು, ಧರ್ಮದ ಹೆಸರಿನಲ್ಲಿ ಯಾರಾದರೂ ಮೋಸ ಮಾಡಿಯಾರೆಂಬುದು ಮಗದೊಂದು. ಕೊನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲವಾದರೂ ಸೊಸೈಟಿಯ ಬಗ್ಗೆ ಬರೆದ ರೀತಿಯಲ್ಲೇ ಅದು ಕಾಣುತ್ತದೆ. ಕಲಬುರಗಿ ಮತ್ತು ಬೀದರ ಜಿಲ್ಲೆಗಳ ಗ್ರಾಮೀಣ ಶಾಖೆಗಳಲ್ಲಿ 28 ವರ್ಷ ಕೃಷಿ ಸಾಲದ ಕಡತಗಳನ್ನು ನೋಡಿದವನಾಗಿ, ಈಗ ಸಹಕಾರ ಸಂಘಗಳಿಗೆ ಲೆಕ್ಕದ ಸಲಹೆ ಕೊಡುವವನಾಗಿ ಉತ್ತರಿಸುತ್ತಿದ್ದೇನೆ. ನಾನು ಮುಫ್ತಿಯಲ್ಲ. ಧರ್ಮದ ತೀರ್ಪು ಬೇಕಾದಲ್ಲಿ ನಿಮ್ಮ ಆಲಿಮರನ್ನೇ ಕೇಳಬೇಕು. ಯಾವ ಪ್ರಶ್ನೆಯನ್ನು ಅವರ ಮುಂದಿಡಬೇಕು ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ನಿಮ್ಮ ಮಗನ ಮಾತು. ಅದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಬಹಳ ಬೆಲೆಯುಳ್ಳದ್ದು. ಪ್ರವಾದಿಯವರ ಸಂಗಾತಿಗಳಲ್ಲೊಬ್ಬರಾದ ಹಜ಼್ರತ್ ಉಮರ್ ಅವರಿಗೆ ಅರೇಬಿಯಾದ ಖೈಬರಿನಲ್ಲಿ ಒಳ್ಳೆಯ ಜಮೀನು ದೊರೆತಾಗ, ಇದನ್ನು ಏನು ಮಾಡಲಿ ಎಂದು ಪ್ರವಾದಿಯವರನ್ನು ಕೇಳಿದರು. ಮೂಲವನ್ನು ಹಿಡಿದಿಟ್ಟು ಅದರ ಫಲವನ್ನು ದಾನ ಮಾಡು ಎಂಬ ಅರ್ಥದ ಉತ್ತರ ಬಂದಿತು. ಆ ಜಮೀನನ್ನು ಮಾರುವಂತಿರಲಿಲ್ಲ, ಉಡುಗೊರೆಯಾಗಿ ಕೊಡುವಂತಿರಲಿಲ್ಲ, ವಾರಸುದಾರರು ಹಂಚಿಕೊಳ್ಳುವಂತೆಯೂ ಇರಲಿಲ್ಲ. ನೋಡಿಕೊಳ್ಳುವವನು ಮಿತವಾಗಿ ತಿನ್ನಬಹುದಿತ್ತು. ವಕ್ಫ್ ಎಂಬ ವ್ಯವಸ್ಥೆ ನಿಂತಿರುವುದು ಈ ಮಾತಿನ ಮೇಲೆ. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುಂದು ತರದೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆಯ ಬ್ರುಂಟ್ಲಾಂಡ್ ಆಯೋಗ ಹೇಳಿದ್ದು 1987ರಲ್ಲಿ. 2015ರಲ್ಲಿ ಜಗತ್ತಿನ ದೇಶಗಳು ಒಪ್ಪಿಕೊಂಡ 17 ಗುರಿಗಳ ಬೇರೂ ಅದೇ. ಬಸವಕಲ್ಯಾಣದ ನೆಲದವರಾದ ನಮಗೆ ಇದು ಹೊರಗಿನ ವಿಚಾರವೆನಿಸುವುದಿಲ್ಲ. ದುಡಿದದ್ದರಲ್ಲಿ ದಾಸೋಹಕ್ಕೆ ಪಾಲಿದೆ, ಇರುವುದೆಲ್ಲ ನನ್ನದಲ್ಲ ಎಂಬ ತಿಳಿವಳಿಕೆ ಇಲ್ಲಿ ಶರಣರಿಂದಲೂ ಬಂದಿದೆ, ಸೂಫಿಗಳಿಂದಲೂ ಬಂದಿದೆ.

ಇನ್ನರ್ಧ ಮಾತು ಸರಿಯಲ್ಲ. ಬಡ್ಡಿಯನ್ನು ಬಿಟ್ಟ ಮಾತ್ರಕ್ಕೆ ಭೂಮಿ ತಾನಾಗಿ ಉಳಿಯುವುದಿಲ್ಲ. ಔರಾದ ತಾಲ್ಲೂಕಿನಲ್ಲಿ ಒಬ್ಬ ರೈತರಿಗೆ ಅವರ ಅಣ್ಣತಮ್ಮಂದಿರು ಒಂದು ಪೈಸೆ ಬಡ್ಡಿಯಿಲ್ಲದೆ, ಕರ್ಜೆ ಹಸನಾ ಎಂದು, ಕೊಳವೆಬಾವಿಗೆ ಹಣ ಕೊಟ್ಟಿದ್ದರು. ನಾನು ಹೋದ ದಿನ ಮೂರನೆಯ ಬಾವಿ ಕೊರೆಯುತ್ತಿದ್ದರು. ಲಾರಿಯ ಪಕ್ಕದಲ್ಲಿ ಕಬ್ಬಿಣದ ರಾಡುಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದವು, ಬೂದುಬಣ್ಣದ ಕಲ್ಲಿನ ಪುಡಿ ಅವರ ಗಡ್ಡದ ಮೇಲೆ, ಪಕ್ಕದ ಹೊಲದ ಕಡಲೆ ಗಿಡಗಳ ಮೇಲೆ ಕುಳಿತಿತ್ತು. ಸಂಜೆಯವರೆಗೂ ಪುಡಿ ಒದ್ದೆಯಾಗಲೇ ಇಲ್ಲ. ಆ ಸಾಲದಲ್ಲಿ ರಿಬಾ, ಅಂದರೆ ಬಡ್ಡಿ, ಇರಲಿಲ್ಲ. ಆದರೆ ನೆಲದಡಿಯಲ್ಲಿ ನೀರೂ ಇರಲಿಲ್ಲ, ಇದ್ದ ಅಷ್ಟಿಷ್ಟನ್ನು ಮೊದಲಿನ ಎರಡು ಬಾವಿಗಳು ಎಳೆದುಬಿಟ್ಟಿದ್ದವು. ನಿಮ್ಮ ಭಾಗದ ನೆಲದಡಿ ಇರುವುದೂ ಅದೇ ಕರಿಗಲ್ಲಿನ ಪದರಗಳು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಎಂಬುದು ಕೊರೆಯುವ ಲಾರಿಯವರು ಹರಡಿದ ನಂಬಿಕೆ.

ಇಸ್ಲಾಮಿನ ಧರ್ಮಶಾಸ್ತ್ರವಾದ ಫಿಕ್ಹ್ ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದನ್ನು ನಿಮ್ಮ ಮಗನಿಗೆ ಹೇಳಿ. ಬಡ್ಡಿಯ ಅಧ್ಯಾಯದಷ್ಟೇ ಗಮನವಿಟ್ಟು ನೀರಿನ ಅಧ್ಯಾಯವನ್ನೂ ಅವನು ಓದಲಿ. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಹದೀಸ್, ಅಂದರೆ ಪ್ರವಾದಿಯವರ ವಚನ, ಇದೆ. ಬಾವಿಯ ಸುತ್ತ ಇಂತಿಷ್ಟು ಜಾಗದಲ್ಲಿ ಬೇರೆಯವರು ಬಾವಿ ತೋಡಬಾರದೆಂಬ ನಿಯಮಕ್ಕೆ ‘ಹರೀಮ್’ ಎಂಬ ಹೆಸರಿದೆ. ಬಾವಿ ತೋಡಿದವನಿಗೆ ದನಕರು ನಿಲ್ಲಲು ಸುತ್ತ ನಲವತ್ತು ಮೊಳ ಜಾಗ ಎಂಬ ಉಲ್ಲೇಖ ಹದೀಸ್ ಸಂಗ್ರಹಗಳಲ್ಲಿದೆ. 9ನೇ ಶತಮಾನದಲ್ಲಿ ಖುರಾಸಾನಿನ ಆಡಳಿತಗಾರ ಅಬ್ದುಲ್ಲಾ ಇಬ್ನ್ ತಾಹಿರ್, ನೆಲದಡಿಯ ನೀರಿನ ಕಾಲುವೆಗಳ ಜಗಳಗಳನ್ನು ತೀರಿಸಲೆಂದೇ ಫಕೀಹರನ್ನು (ಫಿಕ್ಹ್ ಪಂಡಿತರನ್ನು) ಕೂಡಿಸಿ ನಿಯಮಗಳ ಪುಸ್ತಕವನ್ನು ಬರೆಸಿದ್ದ. ಅಂಥದೇ ಕಾಲುವೆ ನಮ್ಮ ಬೀದರಿನ ನೌಬಾದಿನಲ್ಲಿದೆ. ಬಹಮನಿ ಕಾಲದ ಆ ಸುರಂಗ ಬಾವಿ ಕರೆಂಟಿಲ್ಲದೆ, ಮೋಟರಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಸಾಗಿಸುತ್ತಿತ್ತು. ಎಷ್ಟು ಇಂಗಿತೋ ಅಷ್ಟೇ ಹರಿಯುತ್ತದೆ ಎಂಬುದು ಅದರ ಕಟ್ಟಳೆ. ಮೋಟರಿಗೆ ಅಂಥ ಕಟ್ಟಳೆಯಿಲ್ಲ. ಆದ್ದರಿಂದ ಕೊಳವೆಬಾವಿಗೆ ಹಣ ಎಲ್ಲಿಂದ ತರಲಿ ಎಂದು ನೀವು ಕೇಳುವ ಮೊದಲು, ಕೊಳವೆಬಾವಿಯೇ ಬೇಕೇ ಎಂದು ನಾನು ಕೇಳುತ್ತಿದ್ದೇನೆ.

ಹಾಗಾದರೆ ಬಡ್ಡಿಯ ನಿಷೇಧಕ್ಕೂ ಸುಸ್ಥಿರತೆಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ನಷ್ಟವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯಲ್ಲಿದೆ. ಸಾಮಾನ್ಯ ಸಾಲದಲ್ಲಿ ಮಳೆ ಬಂದರೂ ಬಾರದಿದ್ದರೂ ಕೊಟ್ಟವನಿಗೆ ಬರಬೇಕಾದದ್ದು ಬರಲೇಬೇಕು, ಬರದ ಭಾರವೆಲ್ಲ ಪಡೆದವನ ಹೆಗಲಿಗೆ. 2022ರಲ್ಲಿ ನಿಮ್ಮ ತೊಗರಿ ಒಣಗಿದಾಗ ಬ್ಯಾಂಕಿನ ಸಾಲವಿದ್ದಿದ್ದರೆ ಅದು ಒಣಗುತ್ತಿರಲಿಲ್ಲ. ಭಾರ ತಾಳದ ರೈತ ಮುಂದಿನ ವರ್ಷ ಸರದಿ ಬೆಳೆಯನ್ನು ಬಿಟ್ಟು, ಗೊಬ್ಬರ ಸುರಿದು, ಬೇಗ ದುಡ್ಡು ತರುವುದನ್ನೇ ಬಿತ್ತುತ್ತಾನೆ. ನೆಲ ಸೋಲುವುದು ಹೀಗೆ. ಸಾಲಗಾರನು ಸಂಕಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಿ ಎಂದು ಕುರಾನಿನ ಅಲ್-ಬಕರಾ ಅಧ್ಯಾಯದ 280ನೆಯ ಆಯತ್ ಹೇಳುವುದು, ಹಣ ಹಾಕಿದವನೂ ನಷ್ಟದಲ್ಲಿ ಪಾಲುಗೊಳ್ಳುವ ಮುಶಾರಕಾ, ಮುಜ಼ಾರಬಾ ಒಪ್ಪಂದಗಳನ್ನು ಫಿಕ್ಹ್ ಎತ್ತಿಹಿಡಿಯುವುದು ಈ ಕಾರಣಕ್ಕೆ ನನಗೆ ಮುಖ್ಯವೆನಿಸುತ್ತದೆ. ಹೊಲದ ನಷ್ಟ ತನ್ನದೂ ಆಗುವುದಾದರೆ ಹಣ ಹಾಕುವವನೂ ಹೊಲವನ್ನು ನೋಡಲು ಬರುತ್ತಾನೆ.

ಆದರೂ ಆದರ್ಶಕ್ಕೂ ಆಚರಣೆಗೂ ನಡುವಿನ ಅಂತರವನ್ನು ಮುಚ್ಚಿಡುವುದು ಸರಿಯಲ್ಲ. ಜಗತ್ತಿನ ಇಸ್ಲಾಮೀ ಬ್ಯಾಂಕುಗಳ ವ್ಯವಹಾರದಲ್ಲಿ ಪಾಲುದಾರಿಕೆಗಿಂತ ಮುರಾಬಹಾ, ಅಂದರೆ ವಸ್ತುವನ್ನು ಕೊಂಡು ಲಾಭ ಸೇರಿಸಿ ಕಂತಿನಲ್ಲಿ ಮಾರುವ ಪದ್ಧತಿಯೇ ಬಹಳ ಹೆಚ್ಚು. ಪಡೆದವನ ಮೇಲೆ ಬೀಳುವ ಭಾರ ಅದರಲ್ಲಿಯೂ ಸಾಲದ್ದಕ್ಕಿಂತ ತೀರ ಬೇರೆಯಲ್ಲ. ಒಳ್ಳೆಯ ಮಾದರಿಗಳಿಲ್ಲವೆಂದಲ್ಲ: ಮಲೇಷ್ಯಾದ ಕಂಪನಿಯೊಂದು 2017ರಲ್ಲಿ ಸೌರ ವಿದ್ಯುತ್ ಘಟಕಕ್ಕಾಗಿ ಹಸಿರು ಸುಕೂಕ್, ಅಂದರೆ ಪರಿಸರದ ಕೆಲಸಕ್ಕೆಂದು ಬಡ್ಡಿಯಿಲ್ಲದ ಹೂಡಿಕೆ ಪತ್ರ, ಹೊರಡಿಸಿತು, ಇಂಡೊನೇಷ್ಯಾ ಸರ್ಕಾರ 2018ರಲ್ಲಿ 125 ಕೋಟಿ ಡಾಲರಿನ ಹಸಿರು ಸುಕೂಕ್ ತಂದಿತು. ನಮ್ಮ ದೇಶದ ಬ್ಯಾಂಕುಗಳಲ್ಲಿ ಮಾತ್ರ ಇಂಥದ್ದಕ್ಕೆ ಬಾಗಿಲು ತೆರೆದಿಲ್ಲ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶವಿರಲಿ ಎಂದು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಈ ಖಾಲಿ ಜಾಗದಲ್ಲಿಯೇ ನಿಮ್ಮ ಪತ್ರದಲ್ಲಿರುವಂಥ ಸೊಸೈಟಿಗಳು ಹುಟ್ಟಿಕೊಳ್ಳುತ್ತವೆ.

ಆ ಸೊಸೈಟಿಯ ವಿಷಯಕ್ಕೆ ಬರುತ್ತೇನೆ, ಇದನ್ನು ನೇರವಾಗಿಯೇ ಹೇಳಬೇಕು. ಲಕ್ಷಕ್ಕೆ ತಿಂಗಳಿಗೆ ಎರಡೂವರೆ ಸಾವಿರವೆಂದರೆ ವರ್ಷಕ್ಕೆ ಮೂವತ್ತು ಸಾವಿರ, ಅಂದರೆ ನೂರಕ್ಕೆ ಮೂವತ್ತು. ಕಲಬುರಗಿಯ ಯಾವ ದಾಲ್ ಮಿಲ್ಲಿನವರನ್ನಾದರೂ ಕೇಳಿ ನೋಡಿ, ಹಾಕಿದ ಬಂಡವಾಳದ ಮೇಲೆ ವರ್ಷ ವರ್ಷವೂ ಇಷ್ಟು ಉಳಿಯುತ್ತದೆಯೇ ಎಂದು. ಅದಕ್ಕಿಂತ ದೊಡ್ಡ ಮಾತೆಂದರೆ, ಒಬ್ಬರು ಹಣ ಹಾಕಿ ಇನ್ನೊಬ್ಬರು ದುಡಿಯುವ ಮುಜ಼ಾರಬಾದಲ್ಲಿ ಲಾಭದ ಪಾಲನ್ನು ಮುಂಚೆಯೇ ಗೊತ್ತುಮಾಡಬಹುದೇ ಹೊರತು ಹಾಕಿದ ಅಸಲಿನ ಮೇಲೆ ಇಷ್ಟೇ ರೂಪಾಯಿ ಎಂದು ಖಾತರಿ ಕೊಡುವಂತಿಲ್ಲ. ಖಾತರಿ ಕೊಟ್ಟರೆ ಅದು ನಿಮ್ಮ ಅಬ್ಬಾ ಯಾವುದನ್ನು ಹೊಸ್ತಿಲಾಚೆ ನಿಲ್ಲಿಸಿದ್ದಾರೋ ಅದೇ ಆಯಿತು, ಹೆಸರು ಮಾತ್ರ ಬೇರೆ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಸಾವಿರಾರು ಕುಟುಂಬಗಳು ಮಗಳ ಮದುವೆಗೆ ಕೂಡಿಟ್ಟದ್ದನ್ನೂ ನಿವೃತ್ತಿಯ ಹಣವನ್ನೂ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾನೂನು ಬಂದಿದೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ, ಸೊಸೈಟಿಯ ಠೇವಣಿಗೆ ಆ ವಿಮೆಯಿಲ್ಲ. ಸಂಘವು ಸಹಕಾರ ಕಾಯ್ದೆಯಲ್ಲೋ ಸೌಹಾರ್ದ ಕಾಯ್ದೆಯಲ್ಲೋ ನೋಂದಣಿಯಾಗಿದೆಯೇ, ಕಳೆದ ಮೂರು ವರ್ಷಗಳ ಆಡಿಟ್ ವರದಿ ಎಲ್ಲಿದೆ, ಸದಸ್ಯರಿಗೆ ಮತವಿದೆಯೇ ಎಂದು ಕೇಳಬೇಕು ಎಂದು ಬೇರೆಯವರಿಗಾದರೆ ಹೇಳುತ್ತಿದ್ದೆ. ನಿಮಗೆ ಅದನ್ನೂ ಹೇಳುವುದಿಲ್ಲ. ಮೂವತ್ತು ಪ್ರತಿಶತ ಖಾತರಿ ಎಂದವರ ಬಳಿ ಕಾಗದ ಕೇಳುವ ಅಗತ್ಯವೂ ಇಲ್ಲ, ಹಣ ಇಡಬೇಡಿ.

ಅಡತಿ ಅಂಗಡಿಯ ಮುಂಗಡದ ವಿಷಯ ಇಷ್ಟು ಸರಳವಲ್ಲ. ಬೆಳೆ ಬರುವ ಮೊದಲೇ ಹಣ ಪಡೆದು ಆಮೇಲೆ ಕಾಳು ಕೊಡುವ ಒಪ್ಪಂದಕ್ಕೆ ಸಲಮ್ ಎಂಬ ಹೆಸರಿದ್ದು, ಅದು ರೈತರ ಅನುಕೂಲಕ್ಕೆಂದೇ ಅನುಮತಿ ಪಡೆದದ್ದು. ಅದಕ್ಕೆ ಷರತ್ತುಗಳಿವೆ: ಪೂರ್ತಿ ಬೆಲೆಯನ್ನು ಒಪ್ಪಂದದ ಹೊತ್ತಿಗೇ ಕೊಡಬೇಕು, ತಳಿ ಮತ್ತು ಗುಣಮಟ್ಟ, ತೂಕ, ಒಪ್ಪಿಸುವ ದಿನ, ಸ್ಥಳ ಎಲ್ಲವೂ ಬರಹದಲ್ಲಿ ಸ್ಪಷ್ಟವಾಗಿರಬೇಕು, ಇಂಥದೇ ಹೊಲದ ಬೆಳೆ ಎಂದು ಕಟ್ಟಿಹಾಕಬಾರದು. ಆಗ ಕೊಡುವಷ್ಟು ಕೊಟ್ಟು, ದರವನ್ನು ರಾಶಿಯ ದಿನ ನೋಡೋಣ ಎನ್ನುವ ಗಂಜಿನ ರೂಢಿ ಸಲಮ್ ಅಲ್ಲ. ಕೊನೆಯ ಷರತ್ತಿನಲ್ಲಿ ನಿಮಗೊಂದು ಅಪಾಯವೂ ಇದೆ: ನಿಮ್ಮ ಹೊಲದ ತೊಗರಿ ಹೋದರೆ ಪೇಟೆಯಲ್ಲಿ ಕೊಂಡಾದರೂ ಕೊಡಬೇಕಾಗುತ್ತದೆ. ತೊಗರಿಯ ಬೆಲೆ 2015ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿ, 2017ರ ಆರಂಭದಲ್ಲಿ ಅಂದಿನ ಬೆಂಬಲ ಬೆಲೆ 5,050ಕ್ಕಿಂತ ಕೆಳಗಿಳಿದದ್ದನ್ನು ನೀವೂ ಕಂಡವರು.

ಒಂದು ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಜೂನಿನಲ್ಲಿ ಕ್ವಿಂಟಲಿಗೆ 6,000ದಂತೆ ಇಪ್ಪತ್ತು ಕ್ವಿಂಟಲಿಗೆ 1,20,000 ಪಡೆದಿರಿ ಎಂದುಕೊಳ್ಳಿ, ಜನವರಿಯಲ್ಲಿ ಪೇಟೆಯ ದರ 7,500 ಇದ್ದರೆ ನೀವು ಕಳೆದುಕೊಂಡದ್ದು 30,000. ಏಳು ತಿಂಗಳಿಗೆ ನೂರಕ್ಕೆ ಇಪ್ಪತ್ತೈದು. ಷರತ್ತುಗಳೆಲ್ಲ ಸರಿಯಿದ್ದರೆ ಇದು ಬಡ್ಡಿಯಲ್ಲ, ವ್ಯಾಪಾರ; ಆದರೆ ಬ್ಯಾಂಕಿನ ಬೆಳೆ ಸಾಲಕ್ಕಿಂತ ದುಬಾರಿ. ಧರ್ಮಸಮ್ಮತವೋ ಎಂಬ ಪ್ರಶ್ನೆ ಬೇರೆ, ಕೈಗೆಟಕುತ್ತದೆಯೋ ಎಂಬ ಪ್ರಶ್ನೆ ಬೇರೆ, ಎರಡಕ್ಕೂ ಉತ್ತರ ಬೇಕು. ಸಲಮ್ ಮಾಡುವುದೇ ಆದರೆ ನಿಮ್ಮ ಸರಾಸರಿ ಇಳುವರಿಯ ಕಾಲು ಭಾಗಕ್ಕಿಂತ ಹೆಚ್ಚಿನದನ್ನು ಒಪ್ಪಿಕೊಳ್ಳಬೇಡಿ.

ನೀವು ಕಡೆಗಣಿಸಿದ ಒಂದು ದಾರಿ ನಿಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿದೆ. ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆ ಸಾಲಕ್ಕೆ ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿ; 2023-24ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಲಾಗಿದೆ. ಕೈಗೆ ಬರುವ ಮೊತ್ತ ನಿಮ್ಮ ಬೆಳೆ, ಎಕರೆ ಮತ್ತು ಸಂಘದ ಶಕ್ತಿಯನ್ನು ಅವಲಂಬಿಸಿರುತ್ತದೆ. ಗಡುವಿನೊಳಗೆ ಕಟ್ಟಿದರೆ ಪಡೆದಷ್ಟೇ ಹಿಂತಿರುಗಿಸಿದರಾಯಿತು, ತಪ್ಪಿದರೆ ಬಡ್ಡಿ ಬೀಳುತ್ತದೆ. ಸಂಘಕ್ಕೆ ಬಡ್ಡಿಯ ಬಾಬತ್ತನ್ನು ಸರ್ಕಾರ ತುಂಬಿಕೊಡುತ್ತದೆ. ಹೀಗಿರುವಾಗ ಪಡೆಯಬಹುದೇ, ತಡವಾದರೆ ಬೀಳುವ ಬಡ್ಡಿಯ ಷರತ್ತಿಗೆ ಸಹಿ ಹಾಕಬಹುದೇ ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಅಬ್ಬಾ ಅವರನ್ನೂ ಕರೆದುಕೊಂಡು ಹೋಗಿ ಆಲಿಮರ ಮುಂದಿಡಿ. ಹಿರಿಯರು ತಾವೇ ಕೇಳಿ ತಿಳಿದದ್ದನ್ನು ಒಪ್ಪುತ್ತಾರೆ, ಮಗ ಬಂದು ಹೇಳಿದ್ದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಈ ಸಾಲ ಬೀಜ, ಗೊಬ್ಬರ, ಕೂಲಿಗೆ ಮಾತ್ರ. ಆದರೆ ಅದಕ್ಕೆಂದು ನೀವು ಕೈಯಿಂದ ಹಾಕುತ್ತಿದ್ದ ಹಣ ಉಳಿದು, ನೀರಿನ ಕೆಲಸಕ್ಕೆ ಒದಗುತ್ತದೆ.

ನೀರಿನ ಕೆಲಸವೆಂದರೆ ನನ್ನ ಮಟ್ಟಿಗೆ ಮೊದಲು ಕೃಷಿ ಹೊಂಡ. ತೊಗರಿಗೆ ದಿನವೂ ನೀರು ಬೇಡ. ಮಳೆ ಕೈಕೊಟ್ಟಾಗ ಹೂವಿನ ಹೊತ್ತಿಗೆ ಒಂದು, ಕಾಯಿ ಕಟ್ಟುವಾಗ ಒಂದು ನೀರು ಕೊಡುವಂತಾದರೆ ಬೆಳೆ ಉಳಿಯುತ್ತದೆ. ನಿಮ್ಮ ಹೊಲದಲ್ಲಿ ಬಿದ್ದ ಮಳೆಯನ್ನೇ ತಗ್ಗಿನ ಮೂಲೆಯಲ್ಲಿ ನಿಲ್ಲಿಸುವ ಹೊಂಡಕ್ಕೆ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನವಿದೆ, ಹನಿ ಮತ್ತು ತುಂತುರು ನೀರಾವರಿಗೂ ಇದೆ. ಅರ್ಜಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬೇಕು, ಸರದಿ ಬರಲು ತಡವಾಗಬಹುದು. ನಿಮ್ಮ ಪಾಲಿನ ಹಣಕ್ಕೂ ಕೊರತೆ ಬಿದ್ದರೆ, ಪೈಪು ಮತ್ತು ಮೋಟರನ್ನು ಅಂಗಡಿಯವರಿಂದ ಕಂತಿನ ಮೇಲೆ ಕೊಳ್ಳುವುದು ಮುರಾಬಹಾವನ್ನು ಹೋಲುವ ಸರಳ ಕಂತಿನ ಮಾರಾಟವಾಗುತ್ತದೆ. ಮಾರುವವನು ಮೊದಲು ಆ ಸಾಮಾನಿನ ಒಡೆಯನಾಗಿರಬೇಕು, ಒಟ್ಟು ಬೆಲೆ ಮೊದಲ ದಿನವೇ ನಿಗದಿಯಾಗಬೇಕು, ಕಂತು ತಡವಾದರೆ ಬೆಲೆ ಏರಬಾರದು. ನಗದು ಬೆಲೆಯನ್ನೂ ಕಂತಿನ ಬೆಲೆಯನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ವ್ಯತ್ಯಾಸ ಎಷ್ಟೆಂಬುದು ಕಣ್ಣಿಗೆ ಬೀಳಲಿ. ಹೊಂಡಕ್ಕೂ ತೊಂದರೆಯಿಲ್ಲದಿಲ್ಲ: ಎರೆಯ ಕೆಳಗೆ ಗರಸು ಸಿಕ್ಕರೆ ನೀರು ನಿಲ್ಲದೆ ತಾಡಪತ್ರಿ ಹಾಸಬೇಕಾಗುತ್ತದೆ, ಮಳೆ ಪೂರ್ತಿ ಕೈಕೊಟ್ಟ ವರ್ಷ ಹೊಂಡವೂ ಖಾಲಿ, ಮಕ್ಕಳು ದನಗಳು ಬೀಳದಂತೆ ಸುತ್ತ ಬೇಲಿ ಬೇಕೇ ಬೇಕು.

ಉಶ್ರ್, ಅಂದರೆ ಬೆಳೆಯ ಮೇಲಿನ ಜ಼ಕಾತ್, ಬಗ್ಗೆ ನೀವು ಕೇಳಿಲ್ಲ, ಆದರೂ ಲೆಕ್ಕಕ್ಕೆ ಬೇಕಾಗುತ್ತದೆ. ಮಳೆಯಿಂದಲೇ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ಖರ್ಚು ಮಾಡಿ ನೀರುಣಿಸಿದ್ದಕ್ಕೆ ಇಪ್ಪತ್ತರಲ್ಲಿ ಒಂದು ಎಂಬುದು ನಿಯಮ. ಬೆಳೆಗಾರನ ಖರ್ಚನ್ನು ಅದು ಗುರುತಿಸುತ್ತದೆ. ಮಳೆ, ಹೊಂಡ ಎರಡೂ ಸೇರಿದ ಬೆಳೆಗೆ ಯಾವುದು ಹೆಚ್ಚೆಂದು ನೋಡುತ್ತಾರೆ.

ಉಳಿದದ್ದು ವಕ್ಫ್ ಜಮೀನು. ಇದರ ಬಗ್ಗೆ ನನಗೆ ಬಹಳ ಕಾಲದಿಂದ ನೋವಿದೆ. ಮೂಲವನ್ನು ಉಳಿಸು ಎಂದು ಕೊಟ್ಟ ಜಮೀನುಗಳು ನಮ್ಮ ಜಿಲ್ಲೆಗಳಲ್ಲಿ ಜಾಲಿ ಬೆಳೆದು, ಬದು ಒಡೆದು, ಮೇಲ್ಮಣ್ಣು ಹಳ್ಳಕ್ಕೆ ಹರಿದುಹೋಗುತ್ತಿರುವುದನ್ನು ಕಂಡಿದ್ದೇನೆ. ಅದಕ್ಕೆ ಜನರ ಅಸಡ್ಡೆಯೊಂದೇ ಕಾರಣವಲ್ಲ. ವಕ್ಫ್ ಕೃಷಿ ಜಮೀನನ್ನು ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲಾವಣಿಗೆ (ಗುತ್ತಿಗೆಗೆ) ಕೊಡುವಂತಿಲ್ಲ. ಆಸ್ತಿ ಕೈತಪ್ಪದಿರಲಿ ಎಂಬ ಒಳ್ಳೆಯ ಉದ್ದೇಶದ ನಿಯಮ ಅದು. ಆದರೆ ಮೂರು ವರ್ಷಕ್ಕೆಂದು ಬಂದವನು ಬದು ಹಾಕುವುದಿಲ್ಲ, ತಿಪ್ಪೆಗೊಬ್ಬರ ಚೆಲ್ಲುವುದಿಲ್ಲ, ಬೇವು ನೆಡುವುದಿಲ್ಲ, ಸಿಕ್ಕಷ್ಟು ಎಳೆದುಕೊಂಡು ಹೋಗುತ್ತಾನೆ. ನೀವು ಹಾಗೆ ಮಾಡುವವರಲ್ಲ ಎಂದು ಪತ್ರದಿಂದ ಅನಿಸುತ್ತದೆ, ಹಾಗಾಗಿಯೇ ನಿಮಗೆ ನಷ್ಟದ ಸಾಧ್ಯತೆ ಹೆಚ್ಚು. ಬೀಳನ್ನು ಹಸನು ಮಾಡಿದ ಮೇಲೆ ಇನ್ನೊಬ್ಬರಿಗೆ ಹೋಗಬಹುದು.

ಕಮಿಟಿಯವರ ಬಾಯಿಮಾತನ್ನು ನಂಬಿ ನೇಗಿಲು ಹೂಡಬೇಡಿ, ರಾಜ್ಯ ವಕ್ಫ್ ಮಂಡಳಿಯ ಮಂಜೂರಾತಿ ಬರಹದಲ್ಲಿರಲಿ. ಬದು, ಹೊಂಡ, ಗಿಡಗಳಂಥ ಬಹುಕಾಲ ಬಾಳುವ ಕೆಲಸದ ಖರ್ಚು ಮಸೀದಿಯ ಆದಾಯದಿಂದಲೇ ಆಗಲಿ, ಬಿತ್ತನೆಯ ಖರ್ಚು ನಿಮ್ಮದಿರಲಿ. ಫಸಲನ್ನು ಪಾಲಿನ ಲೆಕ್ಕದಲ್ಲಿ, ಮೂರರಲ್ಲಿ ಒಂದೋ ನಾಲ್ಕರಲ್ಲಿ ಒಂದೋ ಎಂದು ಹಂಚಿಕೊಳ್ಳಲು ಮಂಡಳಿ ಒಪ್ಪುವುದೇ ಕೇಳಿ ನೋಡಿ. ಒಪ್ಪಿದರೆ ಅದು ಮುಜ಼ಾರಆ, ಅಂದರೆ ಪಾಲಿನ ಬೇಸಾಯ, ಆಗುತ್ತದೆ. ಇಮಾಮ್ ಅಬೂ ಹನೀಫಾ ಅದನ್ನು ಒಪ್ಪಿರಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು, ಹನಫಿಗಳಲ್ಲಿ ಶಿಷ್ಯರ ಅಭಿಪ್ರಾಯವೇ ಬಳಕೆಗೆ ಬಂದಿದೆ. ಬೆಳೆ ಬರಲಿ ಬಿಡಲಿ ಹತ್ತು ಚೀಲ ಕೊಡಬೇಕು ಎಂಬ ಷರತ್ತು ಮಾತ್ರ ಅದರಲ್ಲಿ ಸಲ್ಲದು.

ನಿಮ್ಮ ಮಗನಿಗೆ ಈ ಬೇಸಿಗೆಯಲ್ಲಿ ಒಂದು ಕೆಲಸ ಕೊಡಿ. ಮೇ ಕೊನೆಯ ವಾರ ನಿಮ್ಮ ಹೊಲದ ಸುತ್ತಲಿನ ಮೂರು ತೆರೆದ ಬಾವಿಗಳಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆಯೆಂದು ಅಳೆದು ಬರೆದಿಡಲಿ. ಮಳೆಗಾಲ ಮುಗಿದ ಮೇಲೆ ನವೆಂಬರಿನಲ್ಲಿ ಅದೇ ಬಾವಿಗಳನ್ನು ಅದೇ ಹಗ್ಗದಿಂದ ಮತ್ತೆ ಅಳೆಯಲಿ. ಎರಡೂ ಅಂಕಿಗಳನ್ನು ನನಗೆ ಕಳುಹಿಸಿ, ಕೊಳವೆಬಾವಿಯ ಮಾತನ್ನು ಆಗ ಆಡೋಣ.